ಸಹಾಯ ಬೇಕು: ಪುಣೆಯಲ್ಲಿ ನಿರಾಮಯ ವಿಮೆ, ಆಟಿಸಂ ಥೆರಪಿ ಬಿಲ್
ಪುಣೆ ಕನ್ನಡಿಗರಿಗೆ ನಮಸ್ಕಾರ. ಆಟಿಸಂ ಇರುವ ಐದು ವರ್ಷದ ಮಗುವಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮಾಡಿಸಬೇಕಿದೆ. ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಗೆ ಅದರೊಳಗೇ ಬೇರೆ ಮಿತಿ. ಮೊದಲು ನಾವು ಕಟ್ಟಿ ಆಮೇಲೆ ಕ್ಲೇಮ್ ಹಾಕಬೇಕು, ಹಾಗಾಗಿ ಬಿಲ್ಲೇ ಮುಖ್ಯ. ಹಲವು ಸೆಂಟರ್‌ಗಳು ತಿಂಗಳಿಗೊಂದು ಪ್ಯಾಕೇಜ್ ರಸೀದಿ ಕೊಡುತ್ತವೆ. ಯಾವ ದಿನ ಯಾವ ಥೆರಪಿ ಎಂದಿಲ್ಲದಿದ್ದರೆ, ವೈದ್ಯರ ಚೀಟಿ ಜೊತೆಗಿಲ್ಲದಿದ್ದರೆ ಕ್ಲೇಮ್ ಅಲ್ಲೇ ನಿಂತುಬಿಡುತ್ತದೆ.

ಕೋಥ್ರುಡ್, ವಾರ್ಜೆ ಕಡೆ ದಿನವಾರು ಬಿಲ್ ಕೊಡುವ, ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಸ್ಪೀಚ್ ಥೆರಪಿಸ್ಟ್ ಯಾರಾದರೂ ಗೊತ್ತೇ? ನಿರಾಮಯ ಅರ್ಜಿ ತುಂಬಿಕೊಡುವ, ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿತ ಸಂಸ್ಥೆ ಯಾವುದು? ಇನ್ನೊಂದು ತೊಡಕು: ಆಧಾರ್ ವಿಳಾಸ ಇನ್ನೂ ಬೆಳಗಾವಿಯದು. ವಿಮೆಗೆ ಬೇಕಾದ ಅಂಗವಿಕಲತೆ ಪ್ರಮಾಣಪತ್ರ ಪುಣೆಯಲ್ಲೇ ಮಾಡಿಸಿದವರು ಮೊದಲು ವಿಳಾಸ ಬದಲಿಸಿದಿರಾ? ದಯವಿಟ್ಟು ತಿಳಿಸಿ.