ಒಂದೇ ಹಲಗೆಯ ಜಾಗದಲ್ಲಿ ಖಾರದ ಮೆಣಸಿನ ಸಸಿಗಳನ್ನು ಎಬ್ಬಿಸುವುದು ಹೇಗೆ?

ಪ್ರಶ್ನೆ:
ಮನೆಯೊಳಗೆ ಸಸಿ ಬೆಳೆಸಲು ನನಗೆ ದೊರೆಯುವುದು ಕಿಟಕಿಯ ಪಕ್ಕದ ಕಪಾಟಿನ ಒಂದೇ ಹಲಗೆ. ಅದರ ಉದ್ದ 60 ಸೆಂ.ಮೀ., ಅಗಲ 30 ಸೆಂ.ಮೀ. ಕಳೆದ ಬಾರಿ ಕೇಯೆನ್, ಜಲಪೆನ್ಯೋ ಮತ್ತು ಹಬನೇರೋ ತಳಿಗಳ ಒಟ್ಟು 60 ಬೀಜಗಳನ್ನು ಒಂದೇ ದಿನ, ಒಂದೇ ಪ್ರೋಟ್ರೇಯಲ್ಲಿ (ಸಾಲಾಗಿ ಪುಟ್ಟ ಕುಳಿಗಳಿರುವ ಸಸಿ ತಟ್ಟೆಯಲ್ಲಿ) ಬಿತ್ತಿ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದೆ. ಮೊದಲೆರಡು ತಳಿಗಳು ಹತ್ತು ದಿನಗಳಲ್ಲಿ ಮೊಳೆತರೂ ಹಬನೇರೋ ಏಳಲೇ ಇಲ್ಲವಾದ್ದರಿಂದ ಹೊದಿಕೆಯನ್ನು ತೆಗೆಯದೆ ಕಾದೆ. ಅಷ್ಟರಲ್ಲಿ ಎದ್ದ ಸಸಿಗಳು ದಾರದಂತೆ ಉದ್ದವಾಗಿ, ಹಲವು ಬುಡದಲ್ಲಿ ಸಣಕಲಾಗಿ ಮಗುಚಿ ಬಿದ್ದವು. ಈ ಬಾರಿ ಎಷ್ಟು ಬೀಜ ಬಿತ್ತಬೇಕು, ಯಾವ ಕ್ರಮದಲ್ಲಿ ಬಿತ್ತಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಬೀಜದಿಂದ ಲೆಕ್ಕ ಆರಂಭಿಸಬೇಡಿ, ಕೊನೆಯ ಕುಂಡದಿಂದ ಆರಂಭಿಸಿ. 5 ಸೆಂ.ಮೀ. ಅಗಲದ ಕುಳಿಗಳಾದರೆ ನಿಮ್ಮ ಹಲಗೆಯ ಮೇಲೆ 72 ಹಿಡಿಯುತ್ತವೆ. ಅವೇ ಸಸಿಗಳು ಕೆಲವು ವಾರಗಳ ನಂತರ 10 ಸೆಂ.ಮೀ. ಕುಂಡಗಳಿಗೆ ಹೋದಾಗ ಹಿಡಿಯುವುದು 18 ಮಾತ್ರ. ಎಲೆಗಳು ಕುಂಡದ ಅಂಚನ್ನು ಮೀರಿ ಹರಡುವುದರಿಂದ ನಾನಾದರೆ 12ಕ್ಕೇ ನಿಲ್ಲಿಸುತ್ತೇನೆ, ಎಂದರೆ ತಳಿಗೆ ನಾಲ್ಕು ಸಸಿ. ಅದಕ್ಕೆ ತಳಿಗೆ ಆರೇಳು ಬೀಜ ಸಾಕು. ಹೆಚ್ಚುವರಿ ಸಸಿಗಳನ್ನು ಕಿತ್ತೆಸೆಯಲು ಮನಸ್ಸು ಬಾರದಿರುವುದೇ ಇಕ್ಕಟ್ಟಿಗೆ ಮುಖ್ಯ ಕಾರಣ ಎಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಇನ್ನು ತಳಿಗಳನ್ನು ಬೆರೆಸಿದ್ದು ತಪ್ಪಾಯಿತು. ಕೇಯೆನ್ ಮತ್ತು ಜಲಪೆನ್ಯೋ ಕ್ಯಾಪ್ಸಿಕಂ ಆನ್ಯುಅಮ್ ಪ್ರಭೇದಕ್ಕೆ ಸೇರಿದವು. ಬೆಚ್ಚಗಿದ್ದರೆ ಒಂದೆರಡು ವಾರಗಳಲ್ಲಿ ಮೊಳೆಯುತ್ತವೆ. ಹಬನೇರೋ ಕ್ಯಾಪ್ಸಿಕಂ ಚೈನೆನ್ಸ್ ಪ್ರಭೇದದ್ದು. ಅದಕ್ಕೆ ಎರಡರಿಂದ ನಾಲ್ಕು ವಾರ ಹಿಡಿಯುವುದು ಸಾಮಾನ್ಯ, ಮುಂದಿನ ಬೆಳವಣಿಗೆಯೂ ನಿಧಾನ. ಆದ್ದರಿಂದ ಹಬನೇರೋವನ್ನು ಬೇರೆ ಸಣ್ಣ ಡಬ್ಬಿಯಲ್ಲಿ ಎರಡು ಮೂರು ವಾರ ಮೊದಲೇ ಬಿತ್ತಿ. ಮೊಳಕೆಯೊಡೆಯುವವರೆಗೆ ಬೆಳಕಿನ ಅಗತ್ಯವಿಲ್ಲದ ಕಾರಣ ಆ ಡಬ್ಬಿ ಹಲಗೆಯ ಮೇಲೆಯೇ ಇರಬೇಕೆಂದಿಲ್ಲ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖವಿರುವ ಯಾವ ಮೂಲೆಯಾದರೂ ಆದೀತು.

ಉತ್ತರ 2:
ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಸಸಿಗಳು ಬಿದ್ದದ್ದು ಜಾಗ ಸಾಲದೆ ಅಲ್ಲ. ಬುಡ ಸಣಕಲಾಗಿ ಮಗುಚುವುದು ಪಿಥಿಯಂ, ರೈಜೊಕ್ಟೋನಿಯಾ ಮುಂತಾದ ಶಿಲೀಂಧ್ರಸದೃಶ ಹಾಗೂ ಶಿಲೀಂಧ್ರ ಜೀವಿಗಳಿಂದ ಬರುವ ಸಸಿ ಕೊಳೆ ರೋಗದ ಲಕ್ಷಣ. ಸದಾ ಒದ್ದೆಯಾದ ಮಿಶ್ರಣವೂ ಹೊದಿಕೆಯಡಿಯ ಕದಲದ ಗಾಳಿಯೂ ಅದಕ್ಕೆ ಹೇಳಿ ಮಾಡಿಸಿದ ಪರಿಸರ. ಬಿದ್ದ ಸಸಿ ಚೇತರಿಸಿಕೊಳ್ಳುವುದಿಲ್ಲ. ಮೊದಲ ಮೊಳಕೆಗಳು ಕಂಡೊಡನೆ ಹೊದಿಕೆ ತೆಗೆಯಿರಿ, ಹೊಸ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣವನ್ನೇ ಬಳಸಿರಿ, ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಟ್ಟು ಉಳಿದದ್ದನ್ನು ಚೆಲ್ಲಿರಿ.

ದಾರದಂತೆ ಉದ್ದವಾದದ್ದು ಬೆಳಕು ಸಾಲದೆ. ಕಿಟಕಿಯ ಬೆಳಕು ಒಂದೇ ಬದಿಯಿಂದ ಬರುತ್ತದೆ. ಹಿಂದಿನ ಸಾಲಿಗೆ ಮುಂದಿನ ಸಾಲಿನ ನೆರಳೇ ಗತಿ. ಮೇಲಿನ ಹಲಗೆಯ ಅಡಿಗೆ ಸಾಮಾನ್ಯ ಬಿಳಿ ಎಲ್‌ಇಡಿ ಕೊಳವೆಯೊಂದನ್ನು ಕಟ್ಟಿ, ಸಸಿಗಳ ತುದಿಯಿಂದ 10–15 ಸೆಂ.ಮೀ. ಎತ್ತರದಲ್ಲಿರುವಂತೆ ನೋಡಿಕೊಂಡು, ದಿನಕ್ಕೆ 14ರಿಂದ 16 ಗಂಟೆ ಉರಿಸಿರಿ. ದೀಪವನ್ನು ಇಳಿಸುವುದಕ್ಕಿಂತ ಕುಂಡಗಳ ಕೆಳಗೆ ಪುಸ್ತಕ, ಡಬ್ಬಿ ಇಟ್ಟು ಏರಿಸುವುದು ಸುಲಭ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಕುಳಿಯಿಂದ ನೇರವಾಗಿ ದೊಡ್ಡ ಕುಂಡಕ್ಕೇ ಹಾಕಿದರೆ ಒಂದು ಹಂತದ ಕೆಲಸ ಉಳಿಯುವುದಿಲ್ಲವೇ? ಉದ್ದವಾದ ಸಸಿಗಳನ್ನು ಟೊಮೇಟೊದಂತೆ ಆಳವಾಗಿ ನೆಡಬಹುದೇ?

ಉತ್ತರ 3:
ಎರಡೂ ಬೇಡ. ದೊಡ್ಡ ಕುಂಡದಲ್ಲಿ ಪುಟ್ಟ ಬೇರುಗಳು ಹೀರಲಾರದಷ್ಟು ನೀರು ದಿನಗಟ್ಟಲೆ ನಿಲ್ಲುತ್ತದೆ, ನಿಮ್ಮ ಹಲಗೆಯೂ ಅಕಾಲದಲ್ಲಿ ತುಂಬುತ್ತದೆ. ಎರಡು ಜೊತೆ ನಿಜ ಎಲೆಗಳು (ಮೊದಲ ಬೀಜದಳಗಳ ನಂತರ ಮೂಡುವ ಎಲೆಗಳು) ಬಂದ ಮೇಲೆ 10 ಸೆಂ.ಮೀ. ಕುಂಡಕ್ಕೆ ಬದಲಿಸಿ. ಮೆಣಸಿನ ಕಾಂಡ ಟೊಮೇಟೊ ಕಾಂಡದಷ್ಟು ಸಲೀಸಾಗಿ ಬೇರು ಬಿಡುವುದಿಲ್ಲವಾದ್ದರಿಂದ ಮೊದಲಿದ್ದ ಮಟ್ಟಕ್ಕಿಂತ ತುಸು ಕೆಳಗೆ ಕೂರಿಸಿದರೆ ಸಾಕು.

ಬಿತ್ತನೆಯಿಂದ ಹೊರಗೆ ನೆಡುವವರೆಗೆ ಎಂಟರಿಂದ ಹತ್ತು ವಾರ ಹಿಡಿದುಕೊಳ್ಳಿ, ಹಬನೇರೋಗೆ ಇನ್ನೂ ಕೆಲವು ವಾರ ಸೇರಿಸಿ. ಅದಕ್ಕೂ ಮೊದಲೇ ಬಿತ್ತುವ ಆತುರ ಬೇಡ. ಹೊರಗಿನ ರಾತ್ರಿಗಳು ತಣ್ಣಗಿರುವಾಗಲೇ ಗಿಡಗಳು ದೀಪಕ್ಕೆ ತಲೆ ತಾಗಿಸಿ ನಿಂತರೆ ಅವನ್ನು ಇಡಲು ನಿಮ್ಮಲ್ಲಿ ಇನ್ನೊಂದು ಹಲಗೆ ಇಲ್ಲ.