ವಾಕಿಂಗ್ ಫುಟ್‌ಬಾಲ್ ಆಡಿ ಕಾಲು ಹಿಡಿದುಕೊಂಡಿದೆ, ಇದು ಮಾಮೂಲಾ?

ಶೆಫೀಲ್ಡ್ ತಾತ:
ನನಗೆ 66. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯುವವನು. ಪಕ್ಕದ ಮನೆಯವರು ವಾಕಿಂಗ್ ಫುಟ್‌ಬಾಲ್‌ಗೆ ಕರೆದರು. ಈ ಆಟ 2011ರಲ್ಲಿ ಹುಟ್ಟಿದ್ದೇ ಇಲ್ಲಿಗೆ ಹತ್ತಿರದ ಚೆಸ್ಟರ್‌ಫೀಲ್ಡ್‌ನಲ್ಲಿ. ಓಡೋದೇ ಇಲ್ಲವಲ್ಲ, ಅದೇನು ಮಹಾ ಅಂತ ಹೋದೆ.

ಹತ್ತೇ ನಿಮಿಷಕ್ಕೆ ಏದುಸಿರು. ವಾಚ್ ನೋಡಿದರೆ ಎದೆಬಡಿತ 138! ಯಾವಾಗಲೂ ಒಂದು ಕಾಲು ನೆಲದ ಮೇಲೆ ಇರಲೇಬೇಕಂತೆ. ಚೆಂಡು ಮುಂದೆ ಉರುಳಿ ಹೋಗುವಾಗ ಕಾಲು ಕೇಳಬೇಕಲ್ಲ? ಓಡಿದೆ ಅಂತ ಮೂರು ಸಲ ಸೀಟಿ ಊದಿಸಿಕೊಂಡೆ. ಮಾರನೇ ದಿನ ಮೊಣಕಾಲ ಕೆಳಗೆ, ಮುಂದಿನ ಮೂಳೆ ಪಕ್ಕದಲ್ಲಿ ನೋವೋ ನೋವು. ಮೆಟ್ಟಿಲನ್ನು ಕಂಬಿ ಹಿಡಿದು ಏಡಿ ಥರ ಅಡ್ಡಡ್ಡ ಇಳಿದೆ. ಮೊಮ್ಮಗ ನಕ್ಕಿದ್ದೇ ನಕ್ಕಿದ್ದು. ಬಿಪಿ ಮಾತ್ರೆ ಬೇರೆ ತೆಗೆದುಕೊಳ್ಳುತ್ತೇನೆ. ಬಿಟ್ಟುಬಿಡಲಾ?

ಲೀಡ್ಸ್ ಗೋಲಿ:
ಬಿಡಬೇಡಿ ಸರ್. ಹೆಜ್ಜೆ ಹೆಜ್ಜೆಗೂ ಪಾದದ ತುದಿ ಎತ್ತಿ ಹಿಡಿಯುವುದು ನಿಮಗೆ ನೋಯುತ್ತಿರುವ ಆ ಮೂಳೆ ಪಕ್ಕದ ಸ್ನಾಯುವೇ. ಗಂಟೆಗೆ ಸುಮಾರು 7 ಕಿಲೋಮೀಟರ್ ದಾಟಿದರೆ ಮೈ ತಾನಾಗೇ ಓಟಕ್ಕೆ ಜಾರುತ್ತದೆ. ಇಲ್ಲಿ ಜಾರಲು ಬಿಡಲ್ಲ, ಪೂರ್ತಿ ಭಾರ ಅದರ ಮೇಲೆ. ನಿಮ್ಮ ಬೆಳಗಿನ ನಡಿಗೆ ನೇರ ದಾರಿ. ಇದರಲ್ಲಿ ನಿಲ್ಲು, ತಿರುಗು, ಮತ್ತೆ ಹೊರಡು. ನನಗೆ ಮೊದಲ ತಿಂಗಳು ತೊಡೆಸಂದು ಹಿಡಿದುಕೊಂಡಿತ್ತು. ಈಗ ಮೈ ಬಿಸಿ ಮಾಡಿಕೊಳ್ಳದೆ ಇಳಿಯುವುದೇ ಇಲ್ಲ.

ಫಿಸಿಯೋ ಹುಡುಗಿ:
ಅಂಕಲ್, ಕಾಲಿಗಿಂತ ಆ 138 ನನಗೆ ಯೋಚನೆ. 220ರಲ್ಲಿ ವಯಸ್ಸು ಕಳೆದರೆ ನಿಮ್ಮ ಎದೆಬಡಿತದ ಗರಿಷ್ಠ ಮಿತಿ 154. ಅಂದಾಜು ಲೆಕ್ಕವೇ, ಆದರೂ ಮೊದಲ ದಿನಕ್ಕೆ ಜಾಸ್ತಿ ಆಯ್ತು ಅಲ್ವಾ? ಮಾತ್ರೆ ಯಾವುದು? ಬೀಟಾ ಬ್ಲಾಕರ್ ಆದರೆ ಬಡಿತ ಏರಲು ಬಿಡುವುದಿಲ್ಲ, ಆಗ ವಾಚ್ ನಂಬಬೇಡಿ. ಆಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಾ ನೋಡಿ. ಆಗದಿದ್ದರೆ ಹೊರಗೆ ಬಂದು ಕೂತುಕೊಳ್ಳಿ. ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ ಆಟ ಅಲ್ಲಿಗೇ ನಿಲ್ಲಿಸಿ, ತಕ್ಷಣ ಸಹಾಯ ಕರೆಯಿರಿ. ಮುಂದಿನ ಸಲಕ್ಕೆ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ. ಮತ್ತೆ, ಚೆಂಡು ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಡಿ, ಬೀಳುತ್ತೀರಿ.

ಶೆಫೀಲ್ಡ್ ತಾತ:
ಡಬ್ಬಿ ನೋಡಿದೆ ಮಗಳೇ, ಅಮ್ಲೋಡಿಪಿನ್, ಬೀಟಾ ಬ್ಲಾಕರ್ ಅಲ್ಲ. ಡಾಕ್ಟರ್ ನಿಧಾನಕ್ಕೆ ಆಡಿ ಅಂದರು. ಸರಿ, ಬುಧವಾರ ಸುಮ್ನೆ ಗೋಲಲ್ಲಿ ನಿಲ್ಲುತ್ತೇನೆ ಅಂತ ಪಕ್ಕದ ಮನೆಯವರಿಗೆ ಹೇಳಿದೆ. ಅಲ್ಲಿ ಬಗ್ಗೋದೇ ಜಾಸ್ತಿ ಅಂದರು.