ಫುಟ್‌ರೆಸ್ಟ್ ಇಳಿಸುವ ಮುಂಚೆ ಇದನ್ನೊಂದು ಕೇಳು ಪುಟ್ಟಾ

ಪುಟ್ಟಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಇದು ಮುಗಿಯುವುದಿಲ್ಲ ಅಂತ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಉಳಿದವರು ಬೇಡ ಅನಿಸಿದರೆ ಬಿಟ್ಟುಬಿಡಿ, ಬೇಜಾರಿಲ್ಲ.

ಒಂದು ಗಂಟೆ ಬೈಕ್ ಓಡಿಸಿದರೆ ಮಂಡಿ ಹಿಡಿದುಕೊಳ್ಳುತ್ತದೆ, ಫುಟ್‌ರೆಸ್ಟ್ ಕೆಳಗಿಳಿಸುವ ಕಿಟ್ ಹಾಕಲಾ ಅಂತ ಕೇಳಿದ್ದೀಯ. ಚಿಕ್ಕಪ್ಪ ಅದಕ್ಕೆ ಗಾಡಿಯನ್ನೇ ಮಾರು ಅಂದಿದ್ದಾರೆ. ಚಿಕ್ಕಪ್ಪ, ಅಷ್ಟು ದೂರ ಹೋಗಬೇಕಾಗಿಲ್ಲ ಬಿಡಿ.

ಹಾಕಬಹುದು. ನಾನೂ ಹಾಕಿದ್ದೇನೆ, ಮಂಡಿಗೆ ನಿಜವಾಗಿ ಆರಾಮ ಸಿಕ್ಕಿದೆ. ಆದರೆ ನಾನು ಮಾಡಿದ ಎಡವಟ್ಟು ನೀನು ಮಾಡಬೇಡ, ಅದಕ್ಕೇ ಇಷ್ಟು ಮಾತು.

ಮೊದಲು, ಇದರಿಂದ ನಿನಗೆ ಉಪಯೋಗ ಆಗುತ್ತಾ ಅಂತ ನೋಡಿಕೋ. ಸೀಟಿಗೂ ಫುಟ್‌ರೆಸ್ಟಿಗೂ ನಡುವೆ ಜಾಗ ಕಡಿಮೆ ಇದ್ದರೆ ಉದ್ದ ಕಾಲಿನವರ ಮಂಡಿ ಜಾಸ್ತಿ ಮಡಚಿಕೊಳ್ಳುತ್ತದೆ. ನಿನ್ನದು ಅದೇ ಕಥೆ ಅನಿಸುತ್ತದೆ. ನೋವು ಬೆನ್ನಿನಲ್ಲೋ ಮಣಿಕಟ್ಟಿನಲ್ಲೋ ಇದ್ದಿದ್ದರೆ ಫುಟ್‌ರೆಸ್ಟಿನ ಮೇಲೆ ದುಡ್ಡು ಹಾಕಬೇಡ ಅನ್ನುತ್ತಿದ್ದೆ. ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸು. ಎರಡೂ ಕಡೆ, ಫುಟ್‌ರೆಸ್ಟಿನ ಪಕ್ಕದಲ್ಲೇ, ಇಟ್ಟಿಗೆಯೋ ಹಲಗೆಯೋ ಜೋಡಿಸು. ಅದರ ಮೇಲ್ಭಾಗ ಫುಟ್‌ರೆಸ್ಟಿಗಿಂತ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಇಂಚು ಕೆಳಗಿರಲಿ. ಅದರ ಮೇಲೆ ಕಾಲಿಟ್ಟು ಹತ್ತು ನಿಮಿಷ ಕೂತುಕೋ. ನೋಡಿದವರು ನಗುತ್ತಾರೆ, ನಗಲಿ. ವ್ಯತ್ಯಾಸ ಮಂಡಿಗೆ ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ದುಡ್ಡು ಉಳಿಯಿತು.

ಇನ್ನೊಂದು. ಸೀಟನ್ನು ಒಂದು ಇಂಚು ಎತ್ತರಿಸಿದರೂ ಮಂಡಿಗೆ ಹೆಚ್ಚುಕಡಿಮೆ ಅಷ್ಟೇ ಲಾಭ. ನಿನ್ನ ಸೀಟಿನ ಸ್ಪಂಜು ಕುಗ್ಗಿ ಹಲಗೆ ಥರ ಆಗಿದೆ, ನಾನೇ ಕೂತು ನೋಡಿದ್ದೇನೆ. ಗಾಡಿ ನಿಲ್ಲಿಸಿದಾಗ ನಿನ್ನ ಎರಡೂ ಪಾದ ಆರಾಮಾಗಿ ನೆಲಕ್ಕೆ ಊರುತ್ತವೆ ಅಲ್ವಾ? ಹಾಗಾದರೆ ಸ್ಪಂಜು ಬದಲಾಯಿಸುವುದೇ ಮೊದಲ ಕೆಲಸ ಅಂತ ನನ್ನ ಅಭಿಪ್ರಾಯ. ಅದರಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ.

ಫುಟ್‌ರೆಸ್ಟ್ ಇಳಿಸಿದರೆ ಒಂದನ್ನು ಕಳೆದುಕೊಳ್ಳುತ್ತೀಯ. ತಿರುವಿನಲ್ಲಿ ಗಾಡಿ ವಾಲಿಸಿದಾಗ ಅದು ಬೇಗ ನೆಲಕ್ಕೆ ತಾಗುತ್ತದೆ. ಲೆಕ್ಕ ಹಾಕಿ ನೋಡು. ಫುಟ್‌ರೆಸ್ಟಿನ ತುದಿ ಗಾಡಿಯ ನಡುಗೆರೆಯಿಂದ 350 ಮಿಲಿಮೀಟರ್ ಆಚೆ, ನೆಲದಿಂದ 300 ಎತ್ತರ ಇದೆ ಅಂತಿಟ್ಟುಕೋ. ಟೈರ್ ಅಗಲ, ಸಸ್ಪೆನ್ಷನ್ ಎಲ್ಲ ಬಿಟ್ಟು ಒರಟು ಲೆಕ್ಕದಲ್ಲಿ ಅದು ಸುಮಾರು 40 ಡಿಗ್ರಿ ವಾಲಿದಾಗ ತಾಗುತ್ತದೆ. 25 ಇಳಿಸಿದರೆ 38ಕ್ಕೆ. 40 ಇಳಿಸಿದರೆ 36-37ರ ಆಸುಪಾಸು. ನೀನು ಓಡಿಸುವ ರೀತಿಗೆ ಎರಡು ಡಿಗ್ರಿ ಹೋದರೆ ನಷ್ಟವಿಲ್ಲ. ಆದರೆ ಆರಾಮ ಸಿಗುತ್ತದೆ ಅಂತ ಇನ್ನೂ ಇಳಿಸು, ಇನ್ನೂ ಇಳಿಸು ಅಂತ ಹೋಗಬೇಡ. ಹಿಂದೆ ಯಾರಾದರೂ ಕೂತರೆ ಗಾಡಿ ಕುಗ್ಗಿ ಈ ಡಿಗ್ರಿ ಇನ್ನೂ ಸ್ವಲ್ಪ ಕಡಿಮೆ ಆಗುತ್ತದೆ.

ಇದೇ ಕಾರಣಕ್ಕೆ, ಹೊಸ ಫುಟ್‌ರೆಸ್ಟ್ ಹಳೆಯದರ ಹಾಗೇ ಮೇಲಕ್ಕೆ ಮಡಚಲೇಬೇಕು. ನೆಲಕ್ಕೆ ತಾಗಿದಾಗ ಅದು ಮಡಚಿಕೊಂಡರೆ ಸುಮ್ನೆ ಕೆರೆಯುವ ಸದ್ದು ಬರುತ್ತದೆ. ಗಟ್ಟಿಯಾಗಿ ನಿಂತುಬಿಟ್ಟರೆ ಗಾಡಿಯನ್ನೇ ಎತ್ತಿ, ಟೈರಿನ ಹಿಡಿತ ತಪ್ಪಿಸುತ್ತದೆ. ಮಡಚದ ಪೀಸ್ ಯಾರು ಪುಕ್ಕಟೆ ಕೊಟ್ಟರೂ ತರಬೇಡ.

ಈಗ ನನ್ನ ಎಡವಟ್ಟು. ಫುಟ್‌ರೆಸ್ಟ್ ಬದಲಾಯಿಸುವುದು ಅರ್ಧ ಗಂಟೆ ಕೆಲಸ. ಸ್ಪ್ಲಿಟ್ ಪಿನ್, ಅಂದರೆ ದೊಡ್ಡ ಪಿನ್ ಜಾರದ ಹಾಗೆ ತುದಿ ಬಾಗಿಸಿ ಹಾಕಿರುವ ಸಣ್ಣ ಪಿನ್ ತೆಗೆದು, ದೊಡ್ಡ ಪಿನ್ ಎಳೆದು, ಹೊಸದು ಕೂರಿಸುವುದು. ಬಿಚ್ಚುವ ಮುಂಚೆ ಸ್ಪ್ರಿಂಗ್ ಯಾವ ಕಡೆ ಕೂತಿದೆ ಅಂತ ಫೋಟೋ ತೆಗೆದುಕೋ, ಹಳೇ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡ, ಅಷ್ಟೇ. ನಾನು ಅದನ್ನು ಮುಗಿಸಿ ಭಾರಿ ಹೆಮ್ಮೆಯಿಂದ ಹೊರಟೆ. ಮೊದಲ ಗೇರ್ ಬದಲಾಯಿಸುವಾಗಲೇ ಗೊತ್ತಾಯಿತು. ಪಾದ ಒಂದು ಇಂಚು ಕೆಳಗೆ ಹೋಗಿದೆ, ಗೇರ್ ಲಿವರ್ ಮತ್ತು ಬ್ರೇಕ್ ಪೆಡಲ್ ಇದ್ದಲ್ಲೇ ಇವೆ! ಬ್ರೇಕ್ ಒತ್ತಬೇಕಾದರೆ ಇಡೀ ಪಾದ ಎತ್ತಬೇಕು. ಅವಸರದಲ್ಲಿ ಅದು ಆಗುವ ಮಾತಲ್ಲ.

ಮನೆಗೆ ಬಂದು ಪೆಡಲಿನ ಎತ್ತರದ ಬೋಲ್ಟ್ ಒಂದನ್ನೇ ತಿರುಗಿಸಿ ಪೆಡಲ್ ಇಳಿಸಿಬಿಟ್ಟೆ. ತಪ್ಪಾಗಿದ್ದೇ ಅಲ್ಲಿ. ಪೆಡಲ್ ಕೆಳಗೆ ಬಂತು ಅಂದರೆ ಬ್ರೇಕನ್ನು ಸ್ವಲ್ಪ ಒತ್ತಿ ಹಿಡಿದ ಹಾಗೇ ಅಲ್ವಾ? ನನ್ನದು ಡಿಸ್ಕ್ ಬ್ರೇಕ್. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಇದೆಯಲ್ಲ, ಅದರ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲಿಲ್ಲ. ಅದು ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಎಣ್ಣೆ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ತೆರೆಯುತ್ತದೆ. ಇಲ್ಲದಿದ್ದರೆ ಬ್ರೇಕ್ ಉಜ್ಜುತ್ತಾ ಬಿಸಿಯಾಗುತ್ತದೆ, ಬಿಸಿಗೆ ಎಣ್ಣೆ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲದೆ ಬ್ರೇಕ್ ಇನ್ನೂ ಬಿಗಿ ಹಿಡಿಯುತ್ತದೆ. ಇಂಜಿನ್ ಯಾಕೋ ಎಳೆಯುತ್ತಿಲ್ಲ ಅಂದುಕೊಂಡು ನಾನು ಆಕ್ಸಿಲರೇಟರ್ ತಿರುಗಿಸುತ್ತಲೇ ಇದ್ದೆ. ನಿಲ್ಲಿಸಿ ನೋಡಿದರೆ ಹಿಂದಿನ ಡಿಸ್ಕಿನಿಂದ ಸುಟ್ಟ ವಾಸನೆ. ಬ್ರೇಕ್ ಲೈಟ್ ಬೇರೆ ಹೊರಟಾಗಿನಿಂದ ಉರಿಯುತ್ತಲೇ ಇತ್ತು, ಪಾಪ ಹಿಂದಿದ್ದವರಿಗೆ ಏನನಿಸಿತೋ.

ಆದ್ದರಿಂದ ಡಿಸ್ಕ್ ಬ್ರೇಕ್ ಆದರೆ, ಪೆಡಲ್ ಇಳಿಸಿದಾಗ ಅದರ ಜೊತೆ ಪುಶ್ ರಾಡನ್ನೂ, ಅಂದರೆ ಪೆಡಲಿನಿಂದ ಆ ಪಿಸ್ಟನ್ ತಳ್ಳುವ ರಾಡನ್ನೂ, ಹೊಂದಿಸಬೇಕು. ಡ್ರಮ್ ಬ್ರೇಕ್ ಆದರೆ ಚಕ್ರದ ಹತ್ತಿರ ರಾಡಿನ ತುದಿಯ ನಟ್ಟು ಸಡಿಲ ಮಾಡಬೇಕು. ಪೆಡಲಿಗೆ ಸ್ವಲ್ಪ ಆಟ, ಅಂದರೆ ಬ್ರೇಕ್ ಹಿಡಿಯುವ ಮುಂಚೆ ಖಾಲಿ ಅಲ್ಲಾಡುವ ಜಾಗ, ಇರಲೇಬೇಕು, ಎಷ್ಟು ಅಂತ ನಿನ್ನ ಗಾಡಿಯ ಪುಸ್ತಕದಲ್ಲಿದೆ. ಆಮೇಲೆ ಬ್ರೇಕ್ ಲೈಟಿನ ಸ್ವಿಚ್ ಹೊಂದಿಸು. ಕೊನೆಗೆ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸು. ಸರಾಗ ತಿರುಗದಿದ್ದರೆ ರಸ್ತೆಗೆ ಇಳಿಯಬೇಡ.

ಗೇರ್ ಲಿವರ್ ಸುಲಭ. ಲಿವರಿಗೂ ಗೇರ್ ಬಾಕ್ಸಿಗೂ ನಡುವೆ ರಾಡ್ ಇದ್ದರೆ ಎರಡೂ ತುದಿಯ ಲಾಕ್ ನಟ್ ಸಡಿಲಿಸಿ ರಾಡನ್ನೇ ತಿರುಗಿಸಿದರೆ ಸಾಕು. ಸಾಮಾನ್ಯವಾಗಿ ಒಂದು ನಟ್ಟಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬರುತ್ತಿಲ್ಲ ಅಂತ ಬಲ ಹಾಕಿ ಮುರಿಯಬೇಡ. ರಾಡ್ ಇಲ್ಲದೆ ಲಿವರ್ ನೇರವಾಗಿ ಗೇರ್ ಶಾಫ್ಟಿನ ಹಲ್ಲುಗಳ ಮೇಲೆ ಕೂತಿದ್ದರೆ, ಹಳೇ ಜಾಗಕ್ಕೆ ಗುರುತು ಹಾಕಿ ಒಂದು ಹಲ್ಲು ಕೆಳಗೆ ಸರಿಸು. ಲಿವರ್ ಸೈಡ್ ಸ್ಟ್ಯಾಂಡಿಗೆ ತಾಗುತ್ತಾ ನೋಡು. ಬೂಟು ಹಾಕಿಕೊಂಡೇ ನೋಡು, ಚಪ್ಪಲಿಯಲ್ಲಿ ಅಲ್ಲ.

ಅತ್ತಿಗೆ ಕೇಳಿದ್ದರು, ಹಿಂದೆ ಕೂರುವವರಿಗೆ ಏನಾದರೂ ಬದಲಾಗುತ್ತಾ ಅಂತ. ಇಲ್ಲ ಅತ್ತಿಗೆ, ನಿಮ್ಮ ಫುಟ್‌ರೆಸ್ಟ್ ಬೇರೆ, ಅದನ್ನು ಇವನು ಮುಟ್ಟುವುದಿಲ್ಲ.

ಹಾಕಿದ ಮೇಲೆ ಒಂದೆರಡು ದಿನ ಓಡಿಸಿ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡು. ಈಗ ಮೊದಲು ಇಟ್ಟಿಗೆ ಇಟ್ಟು ಕೂತುಕೋ, ಯಾರ ಕೈಲಾದರೂ ಪಕ್ಕದಿಂದ ಒಂದು ಫೋಟೋ ತೆಗೆಸು. ಬ್ರೇಕ್ ಪೆಡಲಿನದ್ದೂ ಹತ್ತಿರದಿಂದ ಒಂದು ಕಳಿಸು, ಅಲ್ಲಿ ಬೋಲ್ಟ್ ಎಲ್ಲಿದೆ, ರಾಡ್ ಎಲ್ಲಿದೆ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.